ಎಂಬತ್ತಕ್ಕನ ಕಿಟಕಿ

ಬಟ್ಟೆ ಕಾರ್ಖಾನೆಯ ದೊಡ್ಡ ಗೇಟು ದಾಟಿದ ಕೂಡಲೇ ಎಡಗಡೆಗೆ ಒಂದು ಕಿಟಕಿ ಇದೆ. ಕಿಟಕಿಯ ಹಿಂದೆ ಪುಟ್ಟ ಕೋಣೆ. ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕು, ಅಷ್ಟೇ ಜಾಗ. ಗೋಡೆಯ ಉದ್ದಕ್ಕೂ ಹಲಗೆಯ ಗೂಡುಗಳು, ಒಟ್ಟು ನೂರ ಮೂವತ್ತಾರು. ಬೆಳಗ್ಗೆ ಎಂಟೂವರೆಗೆ ಹೊಲಿಗೆ ಹೆಂಗಸರು ಸಾಲಾಗಿ ಬಂದು, ತಂತಮ್ಮ ಮೊಬೈಲನ್ನು ಕಿಟಕಿಯಲ್ಲಿ ಕೊಟ್ಟು, ನಂಬರಿನ ತಗಡು ಬಿಲ್ಲೆ ಇಸಿದುಕೊಂಡು ಒಳಗೆ ಹೋಗುತ್ತಾರೆ. ಸಂಜೆ ಬಿಲ್ಲೆ ಕೊಟ್ಟು ಮೊಬೈಲು ಒಯ್ಯುತ್ತಾರೆ. ನಡುವಿನ ಹೊತ್ತಿನಲ್ಲಿ ಆ ಮೊಬೈಲುಗಳ ಊಟ, ತಿಂಡಿ, ಜ್ವರ, ನಿದ್ದೆ ಎಲ್ಲವನ್ನೂ ನೋಡಿಕೊಳ್ಳುವವಳು ಎಂಬತ್ತಕ್ಕ.

ಎಂಬತ್ತು ಅವಳ ವಯಸ್ಸಲ್ಲ. ವಯಸ್ಸು ಐವತ್ನಾಲ್ಕು. ಯಾವ ಮೊಬೈಲನ್ನೂ ಅವಳು ನೂರಕ್ಕೆ ಮುಟ್ಟಿಸುವುದಿಲ್ಲ. ಗಾಜಿನ ಮೇಲೆ ಎಂಬತ್ತು ಅಂತ ಕಂಡಿತೋ, ವೈರು ಕಿತ್ತು ಪಕ್ಕಕ್ಕಿಟ್ಟಳು. ಹಾಗಾಗಿ ಆ ಹೆಸರು. ಅವಳ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿಬರುತ್ತಿರಲಿಲ್ಲ.

ಇದ್ದದ್ದು ಹನ್ನೆರಡು ಚಾರ್ಜರು. ನೂರ ಮೂವತ್ತಾರು ಮೊಬೈಲಿಗೆ ಅದು ಯಾವ ಮೂಲೆಗೂ ಸಾಲದು. ಆದರೂ ಅವಳು ಸಾಲಿಸುತ್ತಿದ್ದಳು. ಮೊದಲು ಎಲ್ಲದರ ಗಾಜು ಮುಟ್ಟಿ ನೋಡುವುದು. ಅರವತ್ತೋ ಎಪ್ಪತ್ತೋ ಇದ್ದದ್ದಕ್ಕೆ ವೈರಿಲ್ಲ, ಹಾಗೇ ಮಲಗಲಿ. ಇಪ್ಪತ್ತಕ್ಕಿಂತ ಕೆಳಗೆ ಇಳಿದದ್ದಕ್ಕೆ ಮೊದಲ ಪಂಕ್ತಿ. ಚಾರ್ಜಿಗೆ ಹಾಕುವ ಮುಂಚೆ ರಬ್ಬರು ಕವರು ಬಿಚ್ಚುವುದು. "ಸ್ವೆಟರ್ ಹಾಕ್ಕೊಂಡು ಒಲೆ ಮುಂದೆ ಕೂತ್ರೆ ಬೇಯಲ್ವಾ" ಅನ್ನುತ್ತಿದ್ದಳು. ಒಂದರ ಮೇಲೊಂದು ಪೇರಿಸುವ ಹಾಗಿಲ್ಲ. ಹನ್ನೊಂದರ ಬಿಸಿಲು ಕಿಟಕಿಯಿಂದ ಒಳಗೆ ಬರುವ ಹೊತ್ತಿಗೆ ಕೆಳಗಿನ ಸಾಲನ್ನೆಲ್ಲ ಎದುರು ಗೋಡೆಗೆ ಸಾಗಿಸುವುದು. ಕಾಲು ಗಂಟೆಗೊಮ್ಮೆ ಪ್ರತಿಯೊಂದರ ಬೆನ್ನನ್ನೂ ಅಂಗೈ ತಿರುವಿಹಾಕಿ, ಕೈಯ ಹಿಂಬದಿಯಿಂದ ಮುಟ್ಟಿ ನೋಡುವುದು. ಯಾರದಾದರೂ ಮೊಬೈಲು ಎರಡು ಸಲ, ಮೂರು ಸಲ ಬಿಡದೆ ಬಡಿದುಕೊಂಡರೆ ಅವಳೇ ಎತ್ತಿ ಮಾತಾಡಿ, ಅವಸರದ್ದಾದರೆ ನೀರು ಕೊಡುವವಳ ಕೈಯಲ್ಲಿ ಒಳಗೆ ಹೇಳಿ ಕಳಿಸುತ್ತಿದ್ದಳು.

ಸಂಜೆ ಐದೂವರೆಗೆ ಕಿಟಕಿಯಲ್ಲಿ ದಿನಾ ಜಗಳ. ಜಗಳ ತೆಗೆಯುವವಳು ಕಾಜಾದವಳು. ಅಂಗಿಗೆ ಗುಂಡಿ ತೂರಿಸುವ ಕಾಜಾ ಹಾಕುವ ಮಿಷನ್ನು ಅವಳದ್ದು; ಬಾಯಿಯೂ ಆ ಮಿಷನ್ನಿನ ಹಾಗೆಯೇ, ಪಟಪಟ ಅಂತ ಹೊಡೆದು ನಡುವೆ ಸೀಳಿಬಿಡುವುದು.

"ಇವತ್ತೂ ಎಂಬತ್ತೇನಾ? ಮನೇಲಿ ಗಂಡಂಗೂ ಹಿಂಗೇ ಅರೆಹೊಟ್ಟೆ ಬಡಿಸಿ ಎಬ್ಬಿಸ್ತೀಯಾ ಅಕ್ಕ?"

"ಗಂಡನ ಹೊಟ್ಟೆ ಉಬ್ಬಿದ್ರೆ ಪ್ಯಾಂಟು ಬಿಚ್ಚಿ ಸಡಿಲ ಹೊಲ್ಕೊಡಬಹುದು. ಇದ್ರ ಹೊಟ್ಟೆ ಉಬ್ಬಿದ್ರೆ ಏನ್ ಹೊಲೀತೀಯಾ?"

"ನನ್ನ ಇಪ್ಪತ್ತು ಪಾಯಿಂಟು ನಂಗೆ ಕೊಡು ಅಂದ್ರೆ ಭಾಷಣ ಬಿಗೀತೀಯಲ್ಲ!"

"ನಿನ್ನ ಇಪ್ಪತ್ತು ನಾನೇನು ಸೆರಗಿಗೆ ಕಟ್ಕೊಂಡು ಮನೆಗೆ ಹೋಗ್ತೀನಾ? ಬ್ಯಾಟರಿ ಎರಡು ವರ್ಷ ಜಾಸ್ತಿ ಬಾಳುತ್ತೆ, ನಡಿ."

ಹಿಂದಿದ್ದವರು ನಗುತ್ತಿದ್ದರು. ಬಸ್ಸು ತಪ್ಪುತ್ತದೆ ಅಂತ ಬೈಯುತ್ತಲೂ ಇದ್ದರು.

ಈ ಇಬ್ಬರ ಜಗಳಕ್ಕೆ ನಾಲ್ಕು ವರ್ಷದ ಬೇರಿದೆ. ಆಗ ಕಿಟಕಿಯೂ ಇರಲಿಲ್ಲ, ಬಿಲ್ಲೆಯೂ ಇರಲಿಲ್ಲ. ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೆಂಗಸರು ಹೊಲಿಯುತ್ತಿದ್ದರು. ಎಂಬತ್ತಕ್ಕ ಆಗ ಇಸ್ತ್ರಿ ಮೇಜಿನವಳು. ಹದಿನೆಂಟು ವರ್ಷ ಅಂಗಿಯ ಕಾಲರು, ಕಫ್ಫು, ಜೇಬು ಒತ್ತಿ ಒತ್ತಿ ಬಲಗೈ ಎಡಗೈಗಿಂತ ದಪ್ಪವಾಗಿತ್ತು. ಇಸ್ತ್ರಿ ಮೇಜಿನವರಿಗೆ ಒಂದೇ ವಿದ್ಯೆ: ಉಬ್ಬಿದ್ದನ್ನು ಒತ್ತಿದರೆ ಸಮವಾಗುತ್ತದೆ. ಒಂದು ಮಧ್ಯಾಹ್ನ ಕಾಜಾದವಳು ಬಂದು, "ಅಕ್ಕಾ, ನನ್ನ ಮೊಬೈಲಿಗೆ ಹೊಟ್ಟೆ ಉಬ್ಬರ. ಹಿಂದುಗಡೆ ಮುಚ್ಚಳ ಕೂರ್ತಾನೇ ಇಲ್ಲ. ಸ್ವಲ್ಪ ಒತ್ತಿಕೊಡು" ಅಂದಳು. ಕಾದ ಪೆಟ್ಟಿಗೆಯಲ್ಲಿ ಒತ್ತುವಷ್ಟು ದಡ್ಡಿಯಲ್ಲ ಎಂಬತ್ತಕ್ಕ. ತಣ್ಣಗಿದ್ದ ಇನ್ನೊಂದು ಇಸ್ತ್ರಿ ಪೆಟ್ಟಿಗೆಯನ್ನು ತಂದು, ಮೊಬೈಲಿನ ಮೇಲೆ ಮೆತ್ತನೆ ಬಟ್ಟೆ ಹಾಸಿ, ಹದವಾಗಿ ಭಾರ ಬಿಟ್ಟಳು. ಕಾಲರಿನ ಮೂಲೆಗೆ ಬಿಡುವಷ್ಟೇ ಭಾರ.

ಮೊದಲು ಹಾವು ಬುಸ್ಸೆಂದ ಹಾಗೆ ಒಂದು ಸದ್ದು. ಆಮೇಲೆ ಬಿಳಿ ಹೊಗೆ. ಆಮೇಲೆ ಬೆಂಕಿ. ಮೇಜಿನ ಹಾಸು ಹೊತ್ತಿ, ಪಕ್ಕದಲ್ಲಿ ಮಡಿಸಿಟ್ಟಿದ್ದ ನಲವತ್ತು ಅಂಗಿ ಸುಟ್ಟು, ಅವಳ ಬಲಗೈಯ ಎರಡು ಬೆರಳ ಚರ್ಮ ಸುಲಿದುಬಂತು. ಮರಳು ಎರಚಿ ಆರಿಸಿದರು. ಮಾರನೇ ದಿನದಿಂದಲೇ ಒಳಗೆ ಮೊಬೈಲು ಬಂದ್. ಗೇಟಿನಲ್ಲೇ ಕೊಟ್ಟು ಹೋಗಬೇಕು. ಕಾಯುವವರು ಯಾರು ಅಂತ ಪ್ರಶ್ನೆ ಬಂದಾಗ ಆಗಿನ ಮೇಲಿನವರು, "ಯಾರು ಸುಟ್ಟರೋ ಅವರೇ ಕಾಯಲಿ" ಅಂದರು. ಇಸ್ತ್ರಿ ಮೇಜಿನ ರಾಣಿಯಾಗಿದ್ದವಳನ್ನು ಗೇಟಿನ ಮೂಲೆಗೆ ತಂದು ಕೂರಿಸಿದ್ದು ಶಿಕ್ಷೆ ಅಂತಲೇ. ಹೆಂಗಸರು ಹೋಗುತ್ತಾ ಬರುತ್ತಾ ಮೂಗು ಮುರಿದರು. "ಇವಳಿಂದ ಎಲ್ಲರ ಕೈ ಕಟ್ಟಿಹಾಕ್ದಂಗಾಯ್ತು" ಅಂದರು. ಎಲ್ಲರಿಗಿಂತ ಜೋರಾಗಿ ಅಂದವಳು ಕಾಜಾದವಳೇ.

ಎಂಬತ್ತಕ್ಕ ಎರಡು ದಿನ ಅತ್ತಳು. ಮೂರನೇ ದಿನ ಕಣ್ಣೊರೆಸಿಕೊಂಡು ಬಸ್ ನಿಲ್ದಾಣದ ಪಕ್ಕದ ರಿಪೇರಿಯವನ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಕೂತಳು. "ಅದು ಯಾಕೆ ಉಬ್ಬುತ್ತೆ ಅಂತ ಹೇಳ್ಕೊಡಪ್ಪ" ಅಂದಳು. ಅವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಲೆ ಬಗ್ಗಿಸಿದರೆ ಎತ್ತುವವನಲ್ಲ. ಅವನಿಗೆ ಮಾತು ಕಡಿಮೆ, ಇವಳಿಗೆ ಕಿವಿ ಜಾಸ್ತಿ. ಕೆಲಸ ಬಿಟ್ಟ ಮೇಲೆ ಮೂರು ವಾರ ಹೋಗಿ ಕೂತಳು. ಅವನು ಗಿರಾಕಿಗಳನ್ನು ಗದರುವುದನ್ನು ಕೇಳಿಯೇ ಅರ್ಧ ವಿದ್ಯೆ ಬಂತು. ಪೂರ್ತಿ ಖಾಲಿ ಮಾಡಬೇಡಿ, ಪೂರ್ತಿ ತುಂಬಿಸಿ ತಾಸುಗಟ್ಟಲೆ ವೈರಿಗೆ ನೇತುಹಾಕಬೇಡಿ. ದಿಂಬಿನಡಿ ಇಡಬೇಡಿ. ಕಾದದ್ದನ್ನು ತಣಿಸುತ್ತೇನೆಂದು ಫ್ರಿಜ್ಜಿನೊಳಗೆ ತುರುಕಬೇಡಿ. ತಿಂಗಳುಗಟ್ಟಲೆ ಮೂಲೆಗಿಡುವುದಾದರೆ ಅರ್ಧ ತುಂಬಿಸಿ ಇಡಿ. ಉಬ್ಬಿತೋ, ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ, ನನ್ನ ಹತ್ತಿರ ತನ್ನಿ.

ಎರಡನೇ ಕ್ಲಾಸಿನ ಆಚೆ ಶಾಲೆ ಕಂಡವಳಲ್ಲ ಅವಳು. ಆದರೆ ಅಂಕಿ ಬರುತ್ತಿತ್ತು. ಮೊಬೈಲಿನ ಗಾಜಿನ ಮೇಲೆ ಬೇಕಾದದ್ದು ಅಂಕಿಯೇ. ಶಿಕ್ಷೆಯ ಕೋಣೆಗೆ ತಾನೇ ಸುಣ್ಣ ಹೊಡೆದಳು, ಒಂದು ಬಕೆಟ್ಟು ಒಣ ಮರಳು ತಂದಿಟ್ಟಳು. ನಾಲ್ಕು ವರ್ಷದಲ್ಲಿ ಆ ಕೋಣೆಯಿಂದ ಒಂದೆಳೆ ಹೊಗೆ ಎದ್ದಿರಲಿಲ್ಲ.

ಹೊಸ ಮ್ಯಾನೇಜರ್ ಬಂದದ್ದು ಈಚೆಗೆ. ಒಳ್ಳೆಯ ಇಸ್ತ್ರಿಯ ಅಂಗಿ, ಅವಸರದ ನಡಿಗೆ. ಕೆಟ್ಟವರೇನಲ್ಲ, ಮನುಷ್ಯರು ಕೂತಿದ್ದರೆ ಅವರ ಕಣ್ಣಿಗೆ ಕೆಲಸ ನಿಂತ ಹಾಗೆ ಕಾಣುತ್ತಿತ್ತು, ಅಷ್ಟೇ. ಒಂದು ಸೋಮವಾರ ಕಿಟಕಿಯ ಕೋಣೆಗೆ ಆಳೆತ್ತರದ ಕಬ್ಬಿಣದ ಕಪಾಟು ಬಂತು. ಒಳಗೆ ನೂರೈವತ್ತು ಖಾನೆ, ಖಾನೆಗೊಂದು ವೈರು. ಎರಡು ಬಾಗಿಲು, ಒಂದು ಬೀಗ.

"ನಾಳೆಯಿಂದ ಎಲ್ಲ ಮೊಬೈಲೂ ಇದರೊಳಗೆ. ಬೆಳಗ್ಗೆ ಹಾಕಿ ಬೀಗ, ಸಂಜೆ ತೆಗೆಯೋದು" ಅಂದರು ಮ್ಯಾನೇಜರ್. "ನೀವು ಬಿಲ್ಲೆ ಕೊಟ್ಟಾದ್ಮೇಲೆ ಒಳಗೆ ದಾರ ಕತ್ತರಿಸೋ ಮೇಜಿಗೆ ಹೋಗಿ. ಇಲ್ಲಿ ಕೂರೋ ಅವಶ್ಯಕತೆ ಇಲ್ಲ."

"ಬೀಗದಕೈ ಯಾರ ಹತ್ರ ಇರುತ್ತೆ ಸಾರ್?"

"ನನ್ನ ಹತ್ರ. ಕಳ್ಳತನ ಆಗಬಾರದಲ್ಲ. ಇದಕ್ಕೊಂದು ಸಹಿ ಹಾಕ್ಬಿಡಿ" ಅಂತ ಒಂದು ಕಾಗದ ಕೊಟ್ಟರು.

"ಮನೇಲಿ ಓದಿಸ್ಕೊಂಡು ಬರ್ತೀನಿ" ಅಂದಳು ಎಂಬತ್ತಕ್ಕ. ಓದಿಸದೆ ಸಹಿ ಹಾಕಿದವಳಲ್ಲ ಅವಳು. ಓದಲು ಬಾರದವರಿಗೇ ಆ ಹುಷಾರು ಜಾಸ್ತಿ.

ಸಂಜೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಸೊಸೆ ಓದಿದಳು. ಸೊಸೆಯೂ ಅದೇ ಕಾರ್ಖಾನೆಯಲ್ಲಿ ತೋಳು ಹೊಲಿಯುವವಳು. "ಕಪಾಟಿನಲ್ಲಿರುವ ಮೊಬೈಲುಗಳಿಗೆ ಬೆಂಕಿ, ಹಾನಿ, ನಷ್ಟ ಏನೇ ಸಂಭವಿಸಿದರೂ ಸಂಪೂರ್ಣ ಜವಾಬ್ದಾರಿ ನನ್ನದೇ ಅಂತ ಇದೆ ಅತ್ತೆ."

"ಇನ್ನೊಂದ್ಸಲ ಓದು."

ಇನ್ನೊಂದು ಸಲ ಓದಿದಳು.

"ನಾನು ದಾರ ಕತ್ತರಿಸ್ತಾ ಒಳಗೆ ಇರ್ತೀನಿ. ಬೀಗದಕೈ ಅವರ ಜೇಬಲ್ಲಿ ಇರುತ್ತೆ. ಬೆಂಕಿ ಬಿದ್ರೆ ಮಾತ್ರ ನನ್ನದು?"

"ಅವಳಿಗೆ ಅರ್ಥ ಆಗಿದೆ, ಬಿಡಮ್ಮ" ಅಂದ ಎಂಬತ್ತಕ್ಕನ ಗಂಡ ಮಂಚದ ಮೇಲಿಂದ. "ನನ್ನ ಹೊಟ್ಟೆ ತುಂಬಿತಾ ಅಂತ ಒಂದಿನ ಕೇಳಿದವಳಲ್ಲ. ಊರ ಮೊಬೈಲಿನ ಹೊಟ್ಟೆ ಮಾತ್ರ ದಿನಾ ಸವರ್ತಾಳೆ. ಅವಳನ್ನ ಎಬ್ಬಿಸೋಕೆ ಆಗುತ್ತಾ ಅಲ್ಲಿಂದ?"

ಸೊಸೆ ನಗಲಿಲ್ಲ. "ಅತ್ತೆ, ಹಾಕ್ಬಿಡಿ ಸಹಿ. ಅವರು ಕೋಪ ಮಾಡ್ಕೊಂಡ್ರೆ ನಿಮ್ಮದಷ್ಟೇ ಅಲ್ಲ, ನನ್ನ ಕೆಲಸಕ್ಕೂ ಕುತ್ತು. ಮನೇಲಿ ಇಬ್ಬರೂ ಕೂತ್ಕೊಂಡ್ರೆ ಏನ್ ಮಾಡೋದು?"

ಎಂಬತ್ತಕ್ಕ ಬಲಗೈಯ ಎರಡು ಬೆರಳನ್ನು ಉಜ್ಜಿಕೊಂಡಳು. ಹಳೇ ಸುಟ್ಟ ಚರ್ಮ ನುಣುಪಾಗಿ ಹೊಳೆಯುತ್ತಿತ್ತು. "ತಿಳೀದೆ ಸುಟ್ಟಿದ್ದು ಒಂದ್ಸಲ ಆಯ್ತು ಮಗಳೇ. ಅದನ್ನ ಹೊಟ್ಟೆಗೆ ಹಾಕ್ಕೊಂಡೆ. ತಿಳಿದೂ ತಿಳಿದೂ ಸುಡೋಕೆ ಸಹಿ ಹಾಕಲ್ಲ" ಅಂದು ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿದಳು.

ಮಂಗಳವಾರ ಬೆಳಗ್ಗೆ ಮ್ಯಾನೇಜರೇ ನಿಂತು ಎಲ್ಲ ಮೊಬೈಲನ್ನೂ ಕಪಾಟಿಗೆ ತುಂಬಿಸಿದರು. ಕವರು ಬಿಚ್ಚಲು ಪುರುಸೊತ್ತಿಲ್ಲ. ಎಪ್ಪತ್ತಿದ್ದದ್ದಕ್ಕೂ ವೈರು, ತೊಂಬತ್ತಿದ್ದದ್ದಕ್ಕೂ ವೈರು. ನಲವತ್ತೇಳನೇ ನಂಬರಿನ ಮೊಬೈಲು ಎರಡು ವಾರದಿಂದ ಬೇಗ ಬೇಗ ಕಾಯುತ್ತಿತ್ತು. ಅದನ್ನು ಎಂಬತ್ತಕ್ಕ ಕಿಟಕಿಯ ಕಲ್ಲಿನ ಮೇಲೆ ಒಂಟಿಯಾಗಿಟ್ಟು, ಐವತ್ತಕ್ಕೇ ನಿಲ್ಲಿಸುತ್ತಿದ್ದಳು. ಅದರ ಒಡತಿಗೆ, ರಿಪೇರಿಯವನ ಹತ್ತಿರ ತೋರಿಸು ಅಂತ ದಿನಾ ಹೇಳುತ್ತಿದ್ದಳು.

"ಇದೊಂದು ಹೊರಗಿರಲಿ ಸಾರ್" ಅಂದಳು.

"ಎಲ್ಲಾ ಒಂದೇ ಅಮ್ಮ. ಸಹಿ ಎಲ್ಲಿ?"

"ಬೀಗದಕೈ ಕೊಡಿ, ಹಾಕ್ತೀನಿ."

"ಅದು ಆಗಲ್ಲ ಅಂದೆನಲ್ಲ."

"ಹಾಗಾದ್ರೆ ಇದೂ ಆಗಲ್ಲ."

ಅವರು ಬೀಗ ಜಡಿದು ಮಹಡಿ ಹತ್ತಿ ಹೋದರು. ಎಂಬತ್ತಕ್ಕ ದಾರದ ಮೇಜಿಗೆ ಹೋಗಲಿಲ್ಲ. ಸ್ಟೂಲು ಎಳೆದು ಕಪಾಟಿನ ಮುಂದೆ ಕೂತಳು. ಒಳಗೆ ಯಾವುದೋ ಮೊಬೈಲು ಬಡಿದುಕೊಂಡಿತು. ಎತ್ತುವವರಿಲ್ಲ. ಮತ್ತೆ ಬಡಿದುಕೊಂಡಿತು. ಹತ್ತೂವರೆಗೆ ಕೈಯ ಹಿಂಬದಿಯನ್ನು ಕಬ್ಬಿಣಕ್ಕೆ ತಾಗಿಸಿದಳು. ಬೆಚ್ಚಗಿತ್ತು. ಹನ್ನೊಂದಕ್ಕೆ ಬಿಸಿಲು ಕಿಟಕಿ ಹಾಯ್ದು ನೇರ ಕಪಾಟಿನ ಮೇಲೆ ಬಿತ್ತು. ಮತ್ತೆ ತಾಗಿಸಿದಳು. ಈಗಷ್ಟೇ ಒತ್ತಿಟ್ಟ ಅಂಗಿಯ ಬಿಸಿ, ಇನ್ನೂ ಏರುತ್ತಿದೆ, ಅಂತ ಅವಳ ಚರ್ಮ ಹೇಳಿತು. ಹದಿನೆಂಟು ವರ್ಷ ಬಿಸಿ ಓದಿದ ಚರ್ಮ ಅದು.

ಅವಳು ಎದ್ದು, ಗೋಡೆಯಿಂದ ಕಪಾಟಿನ ದಪ್ಪ ಪ್ಲಗ್ಗನ್ನು ಕಿತ್ತಳು.

ಮಹಡಿಯ ಮೇಲೆ ಮ್ಯಾನೇಜರ ಮೇಜಿನಲ್ಲಿ ಏನೋ ಕೆಂಪು ದೀಪ ಹತ್ತಿರಬೇಕು. ಎರಡೆರಡು ಮೆಟ್ಟಿಲು ಹಾರಿ ಬಂದರು. "ಯಾರು ತೆಗೆದಿದ್ದು?"

"ನಾನೇ."

ಅವರು ಪ್ಲಗ್ ಹಾಕಿದರು. ಅವಳು ಕಿತ್ತಳು. ಅವರು ಮತ್ತೆ ಹಾಕಿದರು. ಅವಳು ಮತ್ತೆ ಕಿತ್ತು, ಈ ಸಲ ಪ್ಲಗ್ಗನ್ನು ತೊಡೆಯ ಕೆಳಗಿಟ್ಟುಕೊಂಡು ಸ್ಟೂಲಿನ ಮೇಲೆ ಭದ್ರವಾಗಿ ಕೂತಳು. ಗೇಟಿನ ಕಾವಲುಗಾರ ಆಕಾಶ ನೋಡಿದ.

"ಏಳ್ರಿ!"

"ಬಾಗಿಲು ತೆಗೀರಿ, ಏಳ್ತೀನಿ. ನಲವತ್ತೇಳನ್ನ ಕೈಯಲ್ಲಿ ಹಿಡಿದು ನೋಡಿ."

ಬೇರೆ ದಾರಿ ಕಾಣದೆ ಅವರು ಬಾಗಿಲು ತೆಗೆದರು. ಒಳಗಿಂದ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ನಲವತ್ತೇಳನ್ನು ಎತ್ತಿ, ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಹಾಕಿಕೊಂಡು, ಕಲ್ಲಿನ ಮೇಲಿಟ್ಟರು. ಅದು ಒಡೆಯಲಿಲ್ಲ, ಹೊಗೆಯಾಡಲಿಲ್ಲ. ಸುಮ್ಮನೆ ಕಾದು ಕೂತಿತ್ತು.

"ಏನೂ ಆಗಿಲ್ಲವಲ್ಲ!" ಅಂದರು.

"ಆಗಿಲ್ಲ ಅಲ್ಲ ಸಾರ್. ಆಗೋಕೆ ಬಿಡಲಿಲ್ಲ."

ಮ್ಯಾನೇಜರ ಮುಖ ಕಪಾಟಿಗಿಂತ ಕಾಯಿತು. "ನಾಳೆಯಿಂದ ನೀವು ಬರೋದು ಬೇಡ."

ಇಪ್ಪತ್ತೆರಡು ವರ್ಷ ಈ ಗೇಟು ದಾಟಿದ ಕಾಲು ಎಂಬತ್ತಕ್ಕನದು. ಆದರೂ ದನಿ ಇಳಿಸಲಿಲ್ಲ. "ಬಾಯಲ್ಲಿ ಹೇಳ್ಬೇಡಿ, ಬರೆದುಕೊಡಿ. ಬೀಗದಕೈ ಇಲ್ಲದೆ ಸಹಿ ಹಾಕಲಿಲ್ಲ, ಕಾದ ಕಪಾಟಿನ ಪ್ಲಗ್ ಕಿತ್ತಳು, ಅದಕ್ಕೇ ಬೇಡ ಅಂತ ಬರೀರಿ. ನಾನು ಓದಿಸ್ಕೋತೀನಿ."

ಅವರು ಬರೆಯಲಿಲ್ಲ. ಹಾಗಂತ ಮಾತು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ನಲವತ್ತೇಳನ್ನು ಹೊರಗೇ ಬಿಟ್ಟು, ಪ್ಲಗ್ ಹಾಕದೆ, ಕಪಾಟಿಗೆ ಮಾತ್ರ ಮತ್ತೆ ಬೀಗ ಜಡಿದು ಹೋದರು.

ಆ ಸಂಜೆ ಬಸ್ಸಿನಲ್ಲಿ ಸೊಸೆ ಅತ್ತೆಯ ಪಕ್ಕ ಕೂರಲಿಲ್ಲ. ಎರಡು ಸೀಟು ಹಿಂದೆ ಕೂತಳು. ಎಂಬತ್ತಕ್ಕ ತಿರುಗಿ ನೋಡಲಿಲ್ಲ. ಸೊಸೆಯ ಕೋಪದಲ್ಲಿ ಸುಳ್ಳೇನೂ ಇರಲಿಲ್ಲ.

ಬುಧವಾರ ಅವಳು ಎಂದಿನ ಹೊತ್ತಿಗೇ ಹೋದಳು. ಬರೆದುಕೊಟ್ಟಿಲ್ಲವಲ್ಲ, ಯಾಕೆ ನಿಲ್ಲಬೇಕು? ಆದರೆ ಕಿಟಕಿಯ ಕೋಣೆಗೆ ಬೀಗ ಬಿದ್ದಿತ್ತು. ಗೇಟಿನಲ್ಲಿ ಆಫೀಸಿನ ಗುಮಾಸ್ತ ಪ್ಲಾಸ್ಟಿಕ್ಕಿನ ದೊಡ್ಡ ಬುಟ್ಟಿ ಹಿಡಿದು ನಿಂತಿದ್ದ. "ಇದರಲ್ಲಿ ಹಾಕಿ, ಬೇಗ ಬೇಗ. ನಾನೇ ಕಪಾಟಿಗೆ ಹಾಕ್ತೀನಿ." ಮ್ಯಾನೇಜರ್ ಅವನ ಹಿಂದೆ ಕೈಕಟ್ಟಿ ನಿಂತಿದ್ದರು. ಎಂಬತ್ತಕ್ಕ ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು.

ಸಾಲಿನಲ್ಲಿ ಮೊದಲು ಇದ್ದವಳು ಕಾಜಾದವಳು. ಎಂಬತ್ತಕ್ಕನಿಗೆ ಆಗಬೇಕಾದದ್ದು ಆಯಿತು ಅಂತ ಇವಳೇ ಮೊದಲು ನಗುವವಳು ಅಂದುಕೊಂಡರು ಎಲ್ಲರೂ. ಕಾಜಾದವಳು ಮೊಬೈಲನ್ನು ಬುಟ್ಟಿಯ ಮೇಲೆ ಹಿಡಿದಳು. ಬಿಡಲಿಲ್ಲ.

"ಇಲ್ಲಿ ನಂಬರು ಗಿಂಬರು ಇಲ್ವಾ? ಕವರು ಬಿಚ್ಚೋರು ಯಾರು?"

"ಬಿಚ್ಚೋದೆಲ್ಲ ಇಲ್ಲ, ಹಾಕಿ" ಅಂದ ಗುಮಾಸ್ತ.

"ಸಂಜೆ ಎಂಬತ್ತು ಬಂದ್ರೆ ನಾನು ಯಾರ ಹತ್ರ ಜಗಳ ಆಡ್ಲಿ? ಈ ಕಬ್ಬಿಣದ ಹತ್ರಾನಾ?"

"ಇದರಲ್ಲಿ ನೂರು ಬರುತ್ತಮ್ಮ. ಪೂರ್ತಿ ನೂರು!" ಅಂದರು ಮ್ಯಾನೇಜರ್, ಈ ಒಂದು ಮಾತಿಗೆ ಇವಳು ಒಲಿಯುತ್ತಾಳೆ ಅಂತ.

"ನೂರು ನಿಮ್ಮ ಮನೇಗೆ ತಗೊಂಡು ಹೋಗಿ" ಅಂದಳು ಕಾಜಾದವಳು. "ನನ್ನ ಮೊಬೈಲು ಒಂದ್ಸಲ ಈ ಫ್ಯಾಕ್ಟರೀಲೇ ಬೆಂಕಿ ಉಗುಳಿದೆ. ಆ ಹೊಗೆ ಕುಡಿದವಳು ನಾನು. ಅವತ್ತು ಕೈ ಸುಟ್ಕೊಂಡೋಳು ಇವಳು. ನಾಲ್ಕು ವರ್ಷ ದಿನಾ ಬೈದಿದ್ದೀನಿ, ದಿನಾ ಉತ್ತರ ಕೊಟ್ಟಿದ್ದಾಳೆ. ನಿಮ್ಮ ಕಪಾಟು ಉತ್ತರ ಕೊಡುತ್ತಾ? ನಿನ್ನೆ ನನ್ನ ಮಗಳ ಶಾಲೆಯಿಂದ ಆರು ಸಲ ಫೋನ್ ಬಂದಿದೆ, ಒಬ್ಬರು ಎತ್ತಿಲ್ಲ. ಅವಳಿಗೆ ಜ್ವರ ಅಂತ ಸಂಜೆ ಗೊತ್ತಾಯ್ತು ನಂಗೆ." ಮೊಬೈಲನ್ನು ಹಿಂದಕ್ಕೆ ತೆಗೆದುಕೊಂಡು, ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಎಂಬತ್ತಕ್ಕನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತಳು. "ಸರ್ಕೊಳ್ಳೇ ಅತ್ಲಾಗೆ. ಕಟ್ಟೆ ಪೂರ್ತಿ ನಿಂದೇನಾ?"

ಎರಡನೆಯವಳು ಬುಟ್ಟಿ ನೋಡಿದಳು, ಕಟ್ಟೆ ನೋಡಿದಳು. ಅವಳೂ ಪಕ್ಕಕ್ಕೆ ಸರಿದಳು. ಆಮೇಲೆ ಮೂರನೆಯವಳು. ಯಾರೂ ಕೂಗಲಿಲ್ಲ. ಮೊಬೈಲು ಕೈಯಲ್ಲಿ ಹಿಡಿದು ಸುಮ್ಮನೆ ನಿಂತರು. ಮೊಬೈಲಿದ್ದರೆ ಒಳಗೆ ಬಿಡುವ ಹಾಗಿಲ್ಲ. ಅದು ಕಾರ್ಖಾನೆಯದೇ ಕಾನೂನು. ಗೋಡೆಯ ಗಡಿಯಾರ ಎಂಟೂವರೆ ದಾಟಿತು, ಎಂಟು ಮುಕ್ಕಾಲಾಯಿತು. ಒಳಗೆ ಮಿಷನ್ನುಗಳ ಸದ್ದಿಲ್ಲ. ಸೊಸೆ ಸಾಲಿನ ಕೊನೆಯಲ್ಲಿದ್ದಳು. ಅವಳ ಸರದಿ ಬಂದಾಗ ಬುಟ್ಟಿ ಇನ್ನೂ ಖಾಲಿ. ಮ್ಯಾನೇಜರ್ ಅವಳನ್ನೇ ನೋಡಿದರು, ಯಾರ ಸೊಸೆ ಅಂತ ಗೊತ್ತಿತ್ತು. ಮೊಬೈಲನ್ನು ಎದೆಗೊತ್ತಿಕೊಂಡು, "ನಮ್ಮತ್ತೆ ತಗೊಂಡ್ರೆ ಕೊಡ್ತೀನಿ ಸಾರ್" ಅಂದಳು. ಅಂದು ಉಳಿದವರ ಜೊತೆ ಪಕ್ಕಕ್ಕೆ ಸರಿದಳು.

ಒಂಬತ್ತಕ್ಕೆ ಮೇಲಿನವರಿಂದ ಮ್ಯಾನೇಜರಿಗೆ ಕರೆ ಬಂತು. ಆ ಕಡೆಯವರು ಏನಂದರೋ, ಇವರು "ಹೂಂ ಸಾರ್, ಈಗ, ಈಗ" ಅಂದದ್ದಷ್ಟೇ ಕೇಳಿಸಿತು. ಜೇಬಿನಿಂದ ಬೀಗದಕೈ ಗೊಂಚಲು ತೆಗೆದು, ಕೋಣೆಯದೊಂದು, ಕಪಾಟಿನದೊಂದು ಬಿಡಿಸಿ, ಎಂಬತ್ತಕ್ಕನ ಮುಂದೆ ಹಿಡಿದರು. "ತಗೊಳ್ಳಿ. ಸಹಿ ಮಾಡಿ, ಕೂತ್ಕೊಳ್ಳಿ."

ಅವಳು ಕೈ ಚಾಚಲಿಲ್ಲ. ಚೀಲದಿಂದ ಮಡಿಸಿದ ಕಾಗದ ತೆಗೆದು ಬಿಚ್ಚಿದಳು. "ಬೀಗದಕೈ ಇವರ ಹತ್ರ ಇರುತ್ತೆ, ಬಾಗಿಲು ಯಾವಾಗ ಬೇಕಾದ್ರೂ ತೆಗೀತಾರೆ, ಯಾವುದನ್ನ ಚಾರ್ಜಿಗೆ ಹಾಕೋದು ಅಂತ ಇವರೇ ನೋಡ್ತಾರೆ ಅಂತ ಇದರಲ್ಲಿ ಬರೀರಿ."

"ಅಮ್ಮಾ, ಒಂಬತ್ತು ಗಂಟೆ ಆಯ್ತು!"

"ಜವಾಬ್ದಾರಿ ಬೇಡ ಅಂತ ನಾನು ಯಾವತ್ತು ಅಂದೆ? ನಾಲ್ಕು ವರ್ಷದಿಂದ ನನ್ನದೇ. ಬರೀರಿ."

ಮ್ಯಾನೇಜರ್ ಗುಮಾಸ್ತನ ಬೆನ್ನನ್ನೇ ಮೇಜು ಮಾಡಿಕೊಂಡು ಬರೆದರು. ಸೊಸೆ ಬಂದು ಗಟ್ಟಿಯಾಗಿ ಓದಿದಳು. ಈ ಸಲ ಅವಳ ದನಿ ಗೇಟಿನ ಆಚೆಗೂ ಕೇಳಿಸಿತು. ದಾರದ ಮೇಜಿಗೆ ಹೋಗಬೇಕೆಂಬ ಸಾಲು ಕಾಗದದಲ್ಲಿ ಇನ್ನೂ ಉಳಿದಿತ್ತು, ಅದನ್ನೂ ಎಂಬತ್ತಕ್ಕ ಹೊಡೆಸಿಹಾಕಿದಳು. ಆಮೇಲೆ ಎಂಬತ್ತಕ್ಕ ಬೀಗದಕೈಗಳನ್ನು ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿ, ಕಾಗದವನ್ನು ಕಿಟಕಿಯ ಕಲ್ಲಿನ ಮೇಲೆ ಹಾಸಿ, ಅಂಗೈಯಿಂದ ಎರಡು ಸಲ ನೀವಿ ಸುಕ್ಕು ಬಿಡಿಸಿದಳು. ಪೆನ್ನು ಹಿಡಿದು ಮೊದಲ ಅಕ್ಷರ ಶುರುಮಾಡಿದಳು.

"ಬೇಗ ಅಮ್ಮ, ಬೇಗ" ಅಂದರು ಮ್ಯಾನೇಜರ್.

ಅವಳು ಪೆನ್ನು ಎತ್ತಿ ಅವರ ಮುಖ ನೋಡಿದಳು. "ನನ್ನ ಹೆಸರು ಉದ್ದ ಇದೆ ಸಾರ್. ನಿಂತ್ಕೊಳ್ಳಿ."